ಯುಕಾತ ಉಟ್ಟು ಸ್ವಾಗತ ಭಾಷಣ ಕೇಳಿದ್ದು

ಅಲ್ ವಕ್ರಾ

ಬುದ್ಧಿ ನೆಟ್ಟಗಿರುವ ಯಾರೂ ಆಗಸ್ಟ್ ತಿಂಗಳಲ್ಲಿ ಕತಾರಿಗೆ ಹೋಗುವುದಿಲ್ಲ. ನಾನು ಹೋದೆ, ಏಕೆಂದರೆ ಉಡುಪಿಯ ನಮ್ಮ ವಿಮಾ ಕಚೇರಿಯಲ್ಲಿ ನನಗೆ ರಜೆ ಮಂಜೂರಾದದ್ದೇ ಆಗ. ವಿಮಾನದ ಮೆಟ್ಟಿಲಿಳಿಯುವಾಗ ಮುಖಕ್ಕೆ ಬಿಸಿಗಾಳಿ ರಾಚಿತು. ಎಂಜಿನ್ನಿನ ಗಾಳಿ ಇರಬೇಕು ಎಂದುಕೊಂಡು ಸೀರೆಯ ನೆರಿಗೆ ಎತ್ತಿ ಹಿಡಿದು ಬೇಗ ಬೇಗ ದೂರ ನಡೆದೆ. ದೂರದಲ್ಲೂ ಅದೇ ಗಾಳಿ. ಅದು ಎಂಜಿನ್ನಿನದಲ್ಲ, ಊರಿನದೇ ಎಂದು ಗೊತ್ತಾಗುವಷ್ಟರಲ್ಲಿ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು.

ನನ್ನ ತಂಗಿ ವನಜ ದೋಹಾದಿಂದ ದಕ್ಷಿಣಕ್ಕೆ, ಕಡಲ ಬದಿಯ ಅಲ್ ವಕ್ರಾದಲ್ಲಿದ್ದಾಳೆ. ಅವಳ ಗಂಡ ಸದಾನಂದ ಅನಿಲ ಸ್ಥಾವರಗಳನ್ನು ಕಟ್ಟುವ ಒಂದು ಜಪಾನಿ ಕಂಪೆನಿಯಲ್ಲಿ ಆಫೀಸಿನ ಕೆಲಸ ನೋಡಿಕೊಳ್ಳುವವನು. ಒಳ್ಳೆಯವನೇ. ನನ್ನನ್ನು ಕರೆದೊಯ್ಯಲು ಬರುವಾಗ ತಣ್ಣನೆಯ ಮಜ್ಜಿಗೆಯ ಬಾಟಲಿ ಹಿಡಿದುಕೊಂಡು ಬಂದಿದ್ದ. ಆದರೆ ಅವನಿಗೊಂದು ಕಾಯಿಲೆ ಇದೆ. ಅವನು ಅಲ್ಲಿನ ನಮ್ಮ ಊರಿನವರ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ನಾಲ್ಕು ಜನ ಒಟ್ಟಿಗೆ ಕುಳಿತದ್ದು ಕಂಡರೆ ಸಾಕು, ಅವನ ಕೈ ಮೈಕು ಹುಡುಕುತ್ತದೆ.

ನನಗೆ ಸಿಟ್ಟು ಬೇಗ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಹಾಗೆ ಹೇಳುವವರೇ ಸಿಟ್ಟು ಬರಿಸುವವರು ಎಂಬುದನ್ನು ಮಾತ್ರ ಹೇಳುವುದಿಲ್ಲ. ಈ ಪ್ರವಾಸದಲ್ಲಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದೇ ಬರೆಯುತ್ತಿದ್ದೇನೆ.

ಆ ವರ್ಷದ ಕೊನೆಗೆ ದೋಹಾದಲ್ಲಿ ಏಷ್ಯನ್ ಗೇಮ್ಸ್ ಇತ್ತು. ಊರಿಡೀ ಅಗೆದು ಹಾಕಿದ್ದರು. ನಿನ್ನೆ ಇದ್ದ ರಸ್ತೆ ಇವತ್ತು ಇರುತ್ತಿರಲಿಲ್ಲ. ಸದಾನಂದ ಒಂದೊಂದು ವೃತ್ತಕ್ಕೂ ಎರಡೆರಡು ಪ್ರದಕ್ಷಿಣೆ ಹಾಕಿ, ದಾರಿ ತಪ್ಪಿ, ಮತ್ತೆ ಹುಡುಕಿಕೊಂಡು ಮನೆಗೆ ಕರೆತಂದ. ಚಹಾ ಕುಡಿದು ಮುಗಿಸುವ ಮೊದಲೇ ಶುರು ಮಾಡಿದ. ನಾವು ಮನೆಯಲ್ಲಿ ಆಡುವುದು ತುಳು. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಅಕ್ಕ, ನೀವು ಸರಿಯಾದ ಟೈಮಿಗೆ ಬಂದ್ರಿ. ಬರುವ ಶುಕ್ರವಾರ ನಮ್ಮ ಜಪಾನಿನವರ ಹಬ್ಬ ಉಂಟು. ನೀವು ಕಿಮೊನೊ ಹಾಕ್ಬೇಕು."

"ನಾನು ಯಾಕೆ ಹಾಕ್ಬೇಕು ಮಾರಾಯ?"

"ಎಂಟು ಜನ ಲೇಡೀಸ್ ಅಂತ ಹೇಳಿ ಆಗಿದೆ. ಏಳೇ ಆಗಿದ್ದಾರೆ. ವನಜಳಿಗೆ ಬಾಗಿಲಲ್ಲಿ ಬಂದವರನ್ನು ನೋಡ್ಲಿಕ್ಕೆ ಉಂಟು."

ನನ್ನನ್ನು ವಿಮಾನ ಹತ್ತಿಸಿ ಕರೆಸಿದ್ದು ಲೆಕ್ಕ ಭರ್ತಿ ಮಾಡಲು ಎಂದು ಆಗ ಗೊತ್ತಾಯಿತು. ವನಜ ಅಡುಗೆಮನೆಯಿಂದಲೇ, "ಅಕ್ಕ, ಬೇಡ ಅಂತ ಹೇಳ್ಬೇಡ, ಇವರಿಗೆ ಈ ವರ್ಷ ಪ್ರಮೋಷನ್ ಮಾತು ಉಂಟು," ಎಂದು ಕೂಗಿದಳು.

ವಿಷಯ ಇಷ್ಟೇ. ಬೇಸಗೆಯಲ್ಲಿ ಜಪಾನಿನ ಹೆಂಗಸರೂ ಮಕ್ಕಳೂ ಹೆಚ್ಚಿನವರು ಊರಿಗೆ ಹೋಗಿಬಿಡುತ್ತಾರೆ. ಹೋಗಲಾಗದೆ ಉಳಿದವರು ಒಂದು ಸಂಜೆ ಬೋನ್ ಎಂಬ ಹಬ್ಬ ಮಾಡುತ್ತಾರೆ. ನಡುವೆ ಒಂದು ಅಟ್ಟಣಿಗೆ, ಅದರ ಮೇಲೆ ಡೋಲು, ಸುತ್ತ ವೃತ್ತವಾಗಿ ಎಲ್ಲರೂ ಕುಣಿಯುವುದು. ಆ ವರ್ಷ ವೃತ್ತ ತುಂಬುವಷ್ಟು ಜನ ಇರಲಿಲ್ಲ. ಅದಕ್ಕೆ ಅವರ ಮ್ಯಾನೇಜರು ಸದಾನಂದನ ಹತ್ತಿರ, ನಿಮ್ಮವರನ್ನೂ ಕರೆತನ್ನಿ, ನಮ್ಮ ಜೊತೆ ಕುಣಿಯಲಿ ಎಂದಿದ್ದರು. ಪಾಪ, ಯಾರ ಹತ್ತಿರ ಹೇಳುತ್ತಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ.

ನಜ್ಮಾ

ನಜ್ಮಾ ಎಂಬುದು ಹಳೆಯ ದೋಹಾದ ಒಂದು ಕೇರಿ. ದರ್ಜಿಗಳು, ಕೆಫೆಟೇರಿಯಗಳು, ಒಂದೊಂದು ಕೋಣೆಯಲ್ಲಿ ಹತ್ತಾರು ಜನ. ಅಲ್ಲಿ ನಡೆದಾಗ ಮಂಗಳೂರಿನ ಬಂದರಿನಲ್ಲಿದ್ದ ಹಾಗೆ ಅನ್ನಿಸಿ ನನಗೆ ಮೊದಲ ಬಾರಿ ಹಾಯೆನಿಸಿತು. ಪರೋಟದ ವಾಸನೆ, ಮಲಯಾಳಂ, ಹಿಂದಿ, ನಡುವೆ ಎಲ್ಲಿಂದಲೋ ಬ್ಯಾರಿ ಭಾಷೆ.

ಸದಾನಂದ ಅಲ್ಲಿ ಕಾಸರಗೋಡಿನ ಒಬ್ಬ ದರ್ಜಿಗೆ ಏಳು ಹೆಂಗಸರ ಕಿಮೊನೊ ಹೊಲಿಯಲು ಕೊಟ್ಟಿದ್ದ. ಮಾದರಿ ಎಂದು ತೋರಿಸಿದ್ದು ಒಂದು ಕ್ಯಾಲೆಂಡರಿನ ಚಿತ್ರ. ಬಟ್ಟೆ ಕಿಟಕಿಯ ಪರದೆಯದು, ಕೆಂಪು ನೆಲದ ಮೇಲೆ ಬಂಗಾರದ ಬಣ್ಣದ ನವಿಲು. ದರ್ಜಿ ತನಗೆ ಗೊತ್ತಿದ್ದ ಹಾಗೆ ಹೊಲಿದಿದ್ದ. ಹಿಂದೆ ಜಿಪ್ಪು, ಸೊಂಟಕ್ಕೆ ಇಲಾಸ್ಟಿಕ್, ಪಕ್ಕಕ್ಕೆ ಒಂದು ಜೇಬು. ಒಟ್ಟಿನಲ್ಲಿ ನಮ್ಮಲ್ಲಿ ಹೆಂಗಸರು ಮನೆಯಲ್ಲಿ ಹಾಕುವ ನೈಟಿಗೆ ದೊಗಳೆ ಕೈ ಇಟ್ಟ ಹಾಗಿತ್ತು.

"ಇದು ಕಿಮೊನೊ ಅಲ್ಲ," ಎಂದೆ.

"ದೂರದಿಂದ ಗೊತ್ತಾಗುದಿಲ್ಲ ಅಕ್ಕ, ಸ್ಟೇಜಿನಲ್ಲಿ ಲೈಟಿಂಗ್ ಇರ್ತದೆ," ಎಂದ ಸದಾನಂದ.

ಕುಣಿಯುವುದು ನೆಲದ ಮೇಲೆ, ವೃತ್ತದಲ್ಲಿ ಎಂದಮೇಲೆ ಸ್ಟೇಜು ಎಲ್ಲಿಂದ ಬಂತು ಎಂದು ಕೇಳಬೇಕಿತ್ತು. ಆದರೆ ದರ್ಜಿ ಅಷ್ಟರಲ್ಲಿ ಟೇಪು ಹಿಡಿದು ನನ್ನ ಸುತ್ತಳತೆ ತೆಗೆಯಲು ಬಂದ. ಪರದೆ ಉಡಲು ನಾನು ಕಿಟಕಿಯಲ್ಲ ಎಂದು ಹೇಳಿ ಅಂಗಡಿಯಿಂದ ಹೊರಗೆ ಬಂದುಬಿಟ್ಟೆ. ಸದಾನಂದನ ಮುಖ ಸಣ್ಣದಾಯಿತು. ಆಮೇಲೆ ವನಜಳೇ ಒಂದು ದಾರಿ ಹೇಳಿದಳು. ಅವಳು ಜಪಾನಿನವರು ಇರುವ ಕಾಂಪೌಂಡಿನ ಶಿಶುವಿಹಾರದಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಮಕ್ಕಳಿಗೆ ಕಾಗದ ಮಡಚಲು ಕಲಿಸುವ ಫುಮಿಕೊ ಎಂಬ ಹೆಂಗಸು ಇದ್ದಾರೆ, ನನ್ನದೇ ವಯಸ್ಸು, ಅವರಲ್ಲಿ ನಿಜವಾದ ಉಡುಪೇ ಇದೆ, ಕೇಳೋಣ ಎಂದಳು.

ಫುಮಿಕೊ ಅವರ ಮನೆ

ಕಾಂಪೌಂಡ್ ಇದ್ದದ್ದು ಉಮ್ಮ್ ಸಲಾಲ್ ಕಡೆಗೆ ಹೋಗುವ ದಾರಿಯಲ್ಲಿ. ಹೊರಗೆ ಎತ್ತರದ ಗೋಡೆ, ಮರಳು, ಧೂಳು. ಒಳಗೆ ಒಂದೇ ಥರದ ಬಿಳಿ ಮನೆಗಳು, ಹಸಿರು ಹುಲ್ಲು, ಒಂದೇ ಒಂದು ಕಾಗೆ ಇಲ್ಲ. ಫುಮಿಕೊ ಬಾಗಿಲು ತೆರೆದು ಸೊಂಟದಿಂದ ಬಾಗಿದರು. ನಾನೂ ಬಾಗಿದೆ. ಅವರು ಇನ್ನೊಮ್ಮೆ ಬಾಗಿದರು. ನಾನೂ. ಇದು ಮುಗಿಯುವ ಲಕ್ಷಣ ಕಾಣಲಿಲ್ಲ. ಕೊನೆಗೆ ನನ್ನ ಸೊಂಟವೇ ಸೋತಿತು. ವನಜ ನನ್ನನ್ನು ಅಕ್ಕ ಎಂದು ಕರೆದದ್ದು ಕೇಳಿ ಅದೇ ನನ್ನ ಹೆಸರೆಂದುಕೊಂಡು, ಅದಕ್ಕೆ ತಮ್ಮ ಭಾಷೆಯ ಗೌರವದ 'ಸಾನ್' ಸೇರಿಸಿ, ಅವರು ಅಂದಿನಿಂದ ನನ್ನನ್ನು "ಅಕ್ಕಾ-ಸಾನ್" ಎಂದೇ ಕರೆದರು. ನಾನೂ ತಿದ್ದಲಿಲ್ಲ.

ಅವರ ಇಂಗ್ಲಿಷ್ ನನ್ನ ಇಂಗ್ಲಿಷಿನಷ್ಟೇ ಇತ್ತು. ಹಾಗಾಗಿ ಇಬ್ಬರಿಗೂ ಒಬ್ಬರದು ಒಬ್ಬರಿಗೆ ಚೆನ್ನಾಗಿ ಅರ್ಥವಾಯಿತು.

ಯುಕಾತ ಎಂದರೆ ಬೇಸಗೆಯಲ್ಲಿ ಉಡುವ ತೆಳು ಹತ್ತಿಯ ಕಿಮೊನೊ. ಅವರು ನನಗಾಗಿ ತೆಗೆದಿಟ್ಟದ್ದು ನೀಲಿಯ ಮೇಲೆ ಬಿಳಿ ಹೂವಿನದು. ಗುಂಡಿಯಿಲ್ಲ, ಹುಕ್ಕಿಲ್ಲ, ಬರೀ ಮಡಿಕೆ, ಎಳೆತ, ಕಟ್ಟು. ಸೀರೆ ಉಡುವವಳಿಗೆ ಇದು ಹೊಸತಲ್ಲ ಎಂದುಕೊಂಡೆ. ಆದರೆ ಸೀರೆಯಲ್ಲಿ ಸೊಂಟ ಇರುವುದು ತೋರಬೇಕು. ಇಲ್ಲಿ ಸೊಂಟ ಇರುವುದೇ ಗೊತ್ತಾಗಬಾರದು. ಮೈ ಮೇಲಿನಿಂದ ಕೆಳಗಿನವರೆಗೆ ಕಂಬದ ಹಾಗೆ ನೇರ ಇರಬೇಕಂತೆ. ಅದಕ್ಕಾಗಿ ಸೊಂಟಕ್ಕೆ ಒಂದು ಟವೆಲು ಸುತ್ತುತ್ತಾರೆ. ಫುಮಿಕೊ ಟವೆಲು ಕೈಗೆತ್ತಿಕೊಂಡು ನನ್ನ ಸೊಂಟವನ್ನು ಒಮ್ಮೆ ನೋಡಿ, ಟವೆಲನ್ನು ಮಡಚಿ ವಾಪಸು ಕಪಾಟಿನಲ್ಲಿಟ್ಟರು. ವನಜ ಬಾಯಿ ಮುಚ್ಚಿಕೊಂಡು ನಕ್ಕಳು.

ಕಾಲಿಗೆ ಮರದ ಚಪ್ಪಲಿ. ಮಠದ ಸ್ವಾಮಿಗಳ ಪಾದುಕೆಗೆ ಹವಾಯಿ ಚಪ್ಪಲಿಯ ಪಟ್ಟಿ ಹಾಕಿದಂತಿತ್ತು. ಅದನ್ನು ಹಾಕಿಕೊಂಡು ಬೈಠಕ್ ಕೋಣೆಯಲ್ಲಿ ಕುಣಿತ ಕಲಿತೆ. ಮೊದಲನೆಯದು ಗಣಿ ಕೆಲಸದವರ ಹಾಡಂತೆ. ಅಗೆ, ಅಗೆ, ಹೆಗಲ ಮೇಲಿಂದ ಎಸೆ, ಗಾಡಿ ದೂಡು. ಆ ವರ್ಷದ ದೋಹಾಕ್ಕೆ ಅದಕ್ಕಿಂತ ಹೊಂದುವ ಕುಣಿತ ಇರಲಾರದು. ಎರಡು ಸಲ ಸೋಫಾಕ್ಕೆ ಡಿಕ್ಕಿ ಹೊಡೆದೆ, ಒಂದು ಸಲ ಫುಮಿಕೊ ಅವರ ಕಾಲು ತುಳಿದೆ. ಅವರೇ ಕ್ಷಮೆ ಕೇಳಿದರು.

ಆಮೇಲೆ ಅವರು ಇನ್ನೊಂದು ಹಾಡು ಹಾಕಿದರು. ಡೋಲಿನ ಅಬ್ಬರವಿಲ್ಲ. ಒಬ್ಬ ಹೆಂಗಸಿನ ಗಂಟಲು, ಒಂದು ತಂತಿವಾದ್ಯ. ಮುಂದೆ ಎರಡು ಹೆಜ್ಜೆ, ಹಿಂದೆ ಒಂದು, ಕೈ ಮೇಲೆತ್ತಿ ನಿಧಾನ ತಿರುಗಿಸಿ ಇಳಿಸುವುದು. ಇದು ತಮ್ಮ ಅಮ್ಮನ ಊರಿನದು, ಹಬ್ಬದ ಕೊನೆಗೆ ಕುಣಿಯುವುದು ಎಂದರು. ಗೋಡೆಯ ಬದಿಯಲ್ಲಿ ಚಿಕ್ಕದೊಂದು ಮೇಜಿತ್ತು. ಅದರ ಮೇಲೆ ಒಬ್ಬ ಮುದುಕಿಯ ಫೋಟೋ, ಒಂದು ಬಟ್ಟಲು ಅನ್ನ, ನೀರು. ಎದುರಿಗೆ ಒಂದು ಸೌತೆಕಾಯಿ, ಒಂದು ಬದನೆಕಾಯಿ. ಎರಡಕ್ಕೂ ಕಡ್ಡಿ ಚುಚ್ಚಿ ನಾಲ್ಕು ನಾಲ್ಕು ಕಾಲು ಮಾಡಿದ್ದರು.

"ಸೌತೆ, ಕುದುರೆ," ಎಂದರು ಫುಮಿಕೊ. "ಅಮ್ಮ ಬರುತ್ತಾರೆ. ಬೇಗ ಬೇಗ. ಬದನೆ, ದನ. ಅಮ್ಮ ಹೋಗುತ್ತಾರೆ. ನಿಧಾನ ನಿಧಾನ."

ನಾನೂ ವನಜಳೂ ಮುಖ ಮುಖ ನೋಡಿಕೊಂಡೆವು. ನಮ್ಮಲ್ಲಿ ಅದು ಆಟಿ ತಿಂಗಳು. ತುಳುನಾಡಿನಲ್ಲಿ ಆಟಿಯಲ್ಲಿ ಸತ್ತವರು ಮನೆಗೆ ಬರುತ್ತಾರೆ. ಅವರಿಗಾಗಿ ಕೋಳಿ ಸಾರು, ರೊಟ್ಟಿ ಮಾಡಿ, ಕೊಡಿ ಬಾಳೆಲೆಯಲ್ಲಿ ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು ನಾವು ಹೊರಗೆ ಬಂದು ಕೂರುತ್ತೇವೆ. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಎಷ್ಟು ಪುಂಡ ಮಗುವೂ ಆಗ ಸುಮ್ಮನಿರುತ್ತದೆ. ಇದನ್ನೆಲ್ಲ ನಾನು ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದಾಗ ಫುಮಿಕೊ ನನ್ನ ಎರಡೂ ಕೈ ಹಿಡಿದುಕೊಂಡರು. ಕೋಳಿ ಎಂದಾಗ ಮಾತ್ರ ಸ್ವಲ್ಪ ಆಶ್ಚರ್ಯಪಟ್ಟರು.

ಅವರ ಅಮ್ಮ ತೀರಿಕೊಂಡದ್ದು ಆ ವರ್ಷದ ವಸಂತದಲ್ಲಿ. ಆಗಲೇ ಅವರ ಗಂಡನಿಗೆ ದೋಹಾದಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಗಿತ್ತು. ಬಿಟ್ಟು ಹೋಗುವಂತಿರಲಿಲ್ಲ. ಅಂತ್ಯಕ್ರಿಯೆಗೆ ಹೋಗಲಿಲ್ಲ. ಗಂಡನಿಗೆ ಈಗಲೂ ವಿಮಾನ ಹತ್ತಲು ಡಾಕ್ಟರು ಬಿಡುತ್ತಿಲ್ಲ. ಸತ್ತ ಮೇಲಿನ ಮೊದಲ ಬೋನ್ ದೊಡ್ಡದಂತೆ. ಅಮ್ಮ ಜಪಾನ್ ಬಿಟ್ಟು ಎಲ್ಲಿಗೂ ಹೋದವರಲ್ಲ, ಕತಾರಿಗೆ ದಾರಿ ಗೊತ್ತಾಗುತ್ತದೋ ಇಲ್ಲವೋ ಎಂದು ಫುಮಿಕೊ ಕೇಳಿದರು. ಕೇಳಿದ್ದು ತಮಾಷೆಗಲ್ಲ. ನಾನು ಗೊತ್ತಾಗುತ್ತದೆ, ಖಂಡಿತ ಬಂದಿರುತ್ತಾರೆ ಎಂದೆ. ಅದಕ್ಕೆ ಫುಮಿಕೊ, ಹಾಗಾದರೆ ಶುಕ್ರವಾರ ನಾನು ಅವರನ್ನು ಕುಣಿದು ಕಳಿಸಿಕೊಡಬೇಕು, ಆ ಹಾಡು ಮುಗಿದಾಗ ಅಮ್ಮ ಹೊರಡುತ್ತಾರೆ, ಒಬ್ಬಳೇ ಕುಣಿಯಬಾರದು, ವೃತ್ತ ಬೇಕು, ನೀವು ಬನ್ನಿ ಅಕ್ಕಾ-ಸಾನ್ ಎಂದರು.

ವಾಪಸು ಬರುವಾಗ ಕಾರಿನಲ್ಲಿ ವನಜಳನ್ನು ಕೇಳಿದೆ, ನೀವು ಇಲ್ಲಿ ಆಟಿಯಲ್ಲಿ ನಮ್ಮ ಅಮ್ಮನಿಗೆ ಬಡಿಸುತ್ತೀರಾ ಎಂದು. ಅವಳು ಕಿಟಕಿಯ ಕಡೆ ತಿರುಗಿದಳು. ಸ್ಟೀರಿಂಗ್ ಹಿಡಿದಿದ್ದ ಸದಾನಂದ ಉತ್ತರ ಕೊಟ್ಟ. "ಫ್ಲ್ಯಾಟಿನಲ್ಲಿ ಎಲ್ಲಿ ಅದೆಲ್ಲ ಅಕ್ಕ? ಮತ್ತೆ ಅವರು ಕಡಲು ದಾಟಿ ಬರ್ತಾರಾ?"

ಮೈ ಉರಿಯಿತು. ಆದರೆ ಕಾರು ಓಡಿಸುವವನ ಜೊತೆ ಜಗಳವಾಡುವುದು ಬೇಡ ಎಂದು ಹಲ್ಲು ಕಡಿದು ಕುಳಿತೆ.

ಶುಕ್ರವಾರ, ಕಾಂಪೌಂಡಿನ ಹಾಲ್

ಹೊರಗೆ ಆ ಬಿಸಿಗೆ ಯಾರೂ ಕುಣಿಯಲಾರರು. ಆದ್ದರಿಂದ ಹಬ್ಬ ಏಸಿ ಇರುವ ಹಾಲಿನಲ್ಲಿ. ಫುಮಿಕೊ ಅವರ ಮನೆಯಲ್ಲೇ ಯುಕಾತ ಉಟ್ಟು, ಟಕಟಕ ಸದ್ದು ಮಾಡಿಕೊಂಡು, ಬೆನ್ನ ಮೇಲೆ ಹಳದಿ ನಡುಕಟ್ಟಿನ ದೊಡ್ಡ ಗಂಟು ಹೊತ್ತುಕೊಂಡು ನಡೆದೆ. ನಿಜ ಹೇಳುತ್ತೇನೆ, ನನಗೆ ಬಹಳ ಸಂತೋಷವಾಗಿತ್ತು. ಅಂಗಳದಲ್ಲಿ ಎದುರಾದ ಜಪಾನಿನವರೆಲ್ಲ ನನ್ನನ್ನು ನೋಡಿ ನಿಂತು ಬಾಗಿದರು. ಫುಮಿಕೊ ಅವರ ಗಂಡ ಗಾಲಿಕುರ್ಚಿಯಲ್ಲಿ ಕುಳಿತು ಕೈಬೀಸಿದರು.

ಹಾಲಿನ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಸಂತೋಷ ಹೋಯಿತು.

ಹಾಲಿನ ತುಂಬ ಕುರ್ಚಿ. ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ, ಒಂದು ಆಳು ಕುಣಿಯಲಿಕ್ಕೂ ಜಾಗ ಬಿಡದ ಹಾಗೆ. ಮುಂದೆ ಗಣ್ಯರಿಗೆ ಸೋಫಾ, ಸೋಫಾದ ಮುಂದೆ ಗಾಜಿನ ಮೇಜು, ಮೇಜಿನ ಮೇಲೆ ಗೋಡಂಬಿಯ ತಟ್ಟೆ. ಅದರಾಚೆ ಸ್ಟೇಜು. ಸ್ಟೇಜಿಗೆ ಬ್ಯಾನರು, ಬ್ಯಾನರಿನಲ್ಲಿ ಸದಾನಂದನ ಹೆಸರು. ಜಪಾನಿನ ಎಂಜಿನಿಯರುಗಳು ಕಬ್ಬಿಣದ ಕೊಳವೆಗಳಿಂದ ತಾವೇ ಕಟ್ಟಿ, ಕೆಂಪು ಬಿಳಿ ಬಟ್ಟೆ ಸುತ್ತಿ, ಹಾಲಿನ ಮಧ್ಯದಲ್ಲಿ ನಿಲ್ಲಿಸಿದ್ದ ಅಟ್ಟಣಿಗೆ ಎಲ್ಲಿ ಎಂದು ಹುಡುಕಿದೆ. ಅದು ಅಡುಗೆಮನೆಯ ಬಾಗಿಲ ಪಕ್ಕದ ಮೂಲೆಯಲ್ಲಿತ್ತು. ಅದರ ಮೇಲಿದ್ದ ಡೋಲಿನ ಹುಡುಗ ಗೋಡೆಗೆ ಮುಖ ಮಾಡಿ ಕುಳಿತಿದ್ದ.

"ಸದಾನಂದ, ಅದನ್ನು ಯಾಕೆ ಅಲ್ಲಿಟ್ಟದ್ದು?"

"ಸ್ಟೇಜಿಗೆ ಅಡ್ಡ ಆಗ್ತದಲ್ಲ ಅಕ್ಕ. ಹಿಂದೆ ಕೂತವರಿಗೆ ಕಾಣುದಿಲ್ಲ. ಚಕ್ರ ಇತ್ತು, ದೂಡಿಸಿದೆ."

"ಅವರು ಏನೂ ಹೇಳ್ಲಿಲ್ವಾ?"

"ಎಂಥ ಹೇಳುದು? ತಲೆ ಬಗ್ಗಿಸಿ ಸರಿ ಅಂದ್ರು. ಅವರು ಬಾರೀ ಮರ್ಯಾದೆಯವರು."

ಬಾರೀ ಮರ್ಯಾದೆಯವರು! ಅದನ್ನು ತಿಳಿದೂ ಹೀಗೆ ಮಾಡಿದನಲ್ಲ ಎಂದು ನನಗೆ ಪಿತ್ತ ನೆತ್ತಿಗೇರಿತು. ಮನೆಗೆ ಊಟಕ್ಕೆ ಕರೆದವರ ಒಲೆಯನ್ನೇ ಎತ್ತಿ ಅಂಗಳಕ್ಕೆ ಹಾಕಿದಂತಾಯಿತು ಇದು. ಫುಮಿಕೊ ಒಳಗೆ ಬಂದು ಕುರ್ಚಿಗಳನ್ನು ನೋಡಿದರು. ಅಟ್ಟಣಿಗೆಯನ್ನು ನೋಡಿದರು. ಆಮೇಲೆ ಗೋಡೆಯ ಬದಿಗೆ ಹೋಗಿ ನಿಂತರು.

ಇನ್ನು ಕಾರ್ಯಕ್ರಮ. ನಮ್ಮ ಊರಿನಲ್ಲಿ ಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ಶೌಚಾಲಯದ ಉದ್ಘಾಟನೆಯವರೆಗೆ ಹೇಗೆ ನಡೆಯುತ್ತದೋ ಹಾಗೇ ನಡೆಯಿತು. ಪ್ರಾರ್ಥನೆ. ಸ್ವಾಗತ. ದೀಪ ಬೆಳಗಿಸುವುದು, ದೀಪ ಹತ್ತದೆ ಏಸಿ ಆರಿಸುವುದು, ದೀಪ ಹತ್ತಿದ ಮೇಲೆ ಏಸಿ ಹಾಕಿ ದೀಪ ಆರುವುದು. ಪ್ರಾಸ್ತಾವಿಕ ಮಾತು. ಜಪಾನಿ ಮ್ಯಾನೇಜರನ್ನು ವೇದಿಕೆಗೆ ಎಳೆದು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ತಲೆಗೆ ಮೈಸೂರು ಪೇಟ ಇಟ್ಟರು. ಪೇಟ ದೊಡ್ಡದಾಗಿ ಅವರ ಕಣ್ಣಿನವರೆಗೆ ಇಳಿಯಿತು. ಅವರು ಅದರೊಳಗಿನಿಂದಲೇ ಎಲ್ಲರಿಗೂ ಬಾಗಿದರು.

ಸಂಘದ ಒಬ್ಬ ಮಹಾನುಭಾವರು ಭಾರತ ಮತ್ತು ಜಪಾನಿನ ಬಾಂಧವ್ಯದ ಬಗ್ಗೆ ಬುದ್ಧನಿಂದ ಶುರು ಮಾಡಿದರು. ಬಹಳ ಹೊತ್ತಿನ ಮೇಲೂ ಬುದ್ಧ ಇನ್ನೂ ಚೀನಾ ದಾಟಿರಲಿಲ್ಲ. ಅವರು ಮಾತಾಡಿದ್ದು ಕನ್ನಡದಲ್ಲಿ. ಇಪ್ಪತ್ತು ಮಂದಿ ಜಪಾನಿನವರು ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ತೊಡೆಯ ಮೇಲಿಟ್ಟು, ಒಂದು ಶಬ್ದ ಅರ್ಥವಾಗದಿದ್ದರೂ ಆಲಿಸಿದರು. ಅರ್ಥವಾಗುತ್ತಿದ್ದ ನಮ್ಮವರು ಗೋಡಂಬಿ ತಿನ್ನುತ್ತ ಮೊಬೈಲಿನಲ್ಲಿ ಮಾತಾಡಿದರು.

ಆಮೇಲೆ ಏಳು ಜನ ಹೆಂಗಸರು ನವಿಲಿನ ಪರದೆ ತೊಟ್ಟು, ಮುಡಿಗೆ ಊರಿನಿಂದ ಬಂದವರ ಕೈಯಲ್ಲಿ ತರಿಸಿದ ಮಲ್ಲಿಗೆ ಮುಡಿದು, ಕಾಗದದ ಕೊಡೆ ತಿರುಗಿಸುತ್ತ ಹಿಂದಿ ಸಿನಿಮಾ ಹಾಡಿಗೆ ಕುಣಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬಳ ಜಿಪ್ಪು ಬಿಚ್ಚಿಕೊಂಡಿತು. ಇನ್ನೊಬ್ಬಳು ಅವಳ ಬೆನ್ನಿಗೆ ಕೊಡೆ ಹಿಡಿದು ಕೊನೆಯವರೆಗೂ ಹಾಗೇ ಕುಣಿದು ಮಾನ ಉಳಿಸಿದಳು. ಎಂಟನೆಯವಳು ಎಲ್ಲಿ ಎಂದು ಸದಾನಂದ ನನ್ನತ್ತ ಕಣ್ಸನ್ನೆ ಮಾಡುತ್ತಿದ್ದ. ನಾನು ಆ ಕಡೆ ನೋಡಲೇ ಇಲ್ಲ.

ಬಾಗಿಲಲ್ಲಿ ಕಾಂಪೌಂಡಿನ ಕಾವಲಿನವನು ಬಂದು ನಿಂತ. ನೇಪಾಳದವನು. ಹಾಲನ್ನು ಒಂಬತ್ತಕ್ಕೆ ಮುಚ್ಚಬೇಕೆಂದು ಅಲ್ಲಿನ ನಿಯಮ. ಅವನು ಗಡಿಯಾರ ತಟ್ಟಿ ತೋರಿಸಿ, "ಮೇಡಂ, ಅಬ್ ಖಲಾಸ್ ಕರ್ನಾ ಹೈ," ಎಂದು ಬಾಗಿಲ ಬಳಿ ಇದ್ದ ವನಜಳಿಗೆ ಹೇಳಿದ. ವನಜ ಓಡಿಹೋಗಿ ಗಂಡನ ಕಿವಿಯಲ್ಲಿ ಹೇಳಿದಳು. ಸದಾನಂದ ತಲೆಯಾಡಿಸಿ ಮೈಕು ಹಿಡಿದ. ಅಬ್ಬ, ಮುಗಿಯಿತು, ಇನ್ನು ಕುರ್ಚಿ ಸರಿಸಿ ಎನ್ನುತ್ತಾನೆ ಎಂದುಕೊಂಡೆ.

"ಈಗ ವಂದನಾರ್ಪಣೆ," ಎಂದ.

ವಂದನಾರ್ಪಣೆಯಲ್ಲಿ ಎಲ್ಲರ ಹೆಸರೂ ಬಂತು. ಬ್ಯಾನರು ಬರೆದವನದು ಬಂತು, ಕುರ್ಚಿ ಬಾಡಿಗೆಗೆ ಕೊಟ್ಟವನದು, ಗೋಡಂಬಿ ಕೊಟ್ಟವನದು, ನಜ್ಮಾದ ದರ್ಜಿಯದು. ಹಬ್ಬ ಯಾರದೋ ಅವರ ಹೆಸರು ಮಾತ್ರ ಬರಲಿಲ್ಲ. ನಾನು ಗೋಡೆಯ ಕಡೆ ತಿರುಗಿ ನೋಡಿದೆ. ಫುಮಿಕೊ ಹಾಗೇ ನಿಂತಿದ್ದರು. ಮುಖದಲ್ಲಿ ಅದೇ ಸಣ್ಣ ನಗು. ಆದರೆ ಎರಡೂ ಕೈಗಳಲ್ಲಿ ಹಾಡಿನ ಸೀಡಿಯನ್ನು ಎದೆಗೆ ಒತ್ತಿ ಹಿಡಿದಿದ್ದರು, ಬೆರಳುಗಳು ಬೆಳ್ಳಗಾಗಿದ್ದವು.

ನಾನು ಎದ್ದು ನಿಂತೆ. ನಾನು ಕುಳಿತಿದ್ದ ಕುರ್ಚಿಯನ್ನು ಎತ್ತಿ, ಮರದ ಚಪ್ಪಲಿಯಲ್ಲಿ ಟಕಟಕ ಎನ್ನುತ್ತ ಹಾಲಿನ ಉದ್ದಕ್ಕೂ ಹೋಗಿ, ಗೋಡೆಗೆ ಒರಗಿಸಿಟ್ಟೆ. ಬಂದು ಪಕ್ಕದ ಕುರ್ಚಿ ಎತ್ತಿದೆ. ಅದನ್ನೂ ಇಟ್ಟೆ. ಮೂರನೆಯದನ್ನು ಎತ್ತುವಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಅಕ್ಕ, ಎಂಥ ಮಾಡ್ತಾ ಇದ್ದೀರಿ? ಮರ್ಯಾದೆ..." ಸದಾನಂದ ಇದನ್ನೂ ಮೈಕಿನಲ್ಲೇ ಹೇಳಿದ.

ನನ್ನ ತಾಳ್ಮೆಯ ಕಟ್ಟೆಯೊಡೆಯಿತು. ಮೈಕಿಲ್ಲದೆಯೇ ಕೂಗಿದೆ, ತುಳುವಿನಲ್ಲಿ, ನಮ್ಮವರಿಗೆ ಮಾತ್ರ ತಿಳಿಯಲಿ ಎಂದು.

"ಮರ್ಯಾದೆಯಾ? ಅಲ್ಲಿ ಗೋಡೆಯ ಹತ್ತಿರ ನಿಂತಿದ್ದಾರಲ್ಲ, ಅವರ ಅಮ್ಮ ಈ ವರ್ಷ ತೀರಿಹೋದದ್ದು. ಇದು ಅವರ ಆಟಿ. ಅಮ್ಮನನ್ನು ಕರೆದು ಬಡಿಸಿ, ಈಗ ಕುಣಿದು ಕಳಿಸಿಕೊಡ್ಲಿಕ್ಕೆ ಕಾಯ್ತಾ ಇದ್ದಾರೆ. ಸತ್ತವರಿಗೆ ಬಡಿಸಿದ ಕೋಣೆಯಲ್ಲಿ ನಿಮ್ಮ ಮನೆಯಲ್ಲಿ ಯಾರಾದ್ರೂ ಭಾಷಣ ಮಾಡಿದ್ದಾರಾ? ಎಲೆಯ ಮುಂದೆ ಸೋಫಾ ಹಾಕಿ ಗೋಡಂಬಿ ತಿಂದಿದ್ದಾರಾ? ಮೈಕು ಇಡು ಮಾರಾಯ, ಮೈಕು ಇಡು!"

ಗೋಡಂಬಿ ಬಾಯಲ್ಲಿದ್ದವರು ಅಗಿಯುವುದನ್ನು ನಿಲ್ಲಿಸಿದ್ದರು. ಮೊದಲು ಎದ್ದವರು ಅಂದಿನ ಮುಖ್ಯ ಅತಿಥಿ. ಉಪ್ಪಿನಂಗಡಿಯ ಕಡೆಯ ಹಾಜಿಯವರು, ದೋಹಾದಲ್ಲಿ ಬಹಳ ವರ್ಷದಿಂದ ವ್ಯಾಪಾರ ಮಾಡಿಕೊಂಡಿರುವ ವಯಸ್ಸಾದ ಮನುಷ್ಯ. ಹೆಗಲ ಮೇಲಿನ ಶಾಲು ತೆಗೆದು ಮಡಚಿ, ತಾವು ಕುಳಿತಿದ್ದ ಸೋಫಾದ ಒಂದು ತುದಿ ಹಿಡಿದರು.

"ಸದಾನಂದ, ಇದು ನೀನು ಮೊದ್ಲೇ ಹೇಳ್ಬಾರ್ದಾ? ನಾನು ಇಲ್ಲಿ ಕೂತುಕೊಳ್ತಿರ್ಲಿಲ್ಲ," ಎಂದರು. ಆಮೇಲೆ ಹಿಂದೆ ತಿರುಗಿ, "ಏಳಿ ಎಲ್ಲ, ಎಂಥ ನೋಡ್ತೀರಿ? ಬೇಗ, ಯಲ್ಲಾ!" ಎಂದು ಗದರಿಸಿದರು.

ಕುರ್ಚಿಗಳೆಲ್ಲ ಎದ್ದವು. ಎಳೆದಾಟ, ಸದ್ದು, ಧೂಳು. ಜಪಾನಿನವರಿಗೆ ಏನಾಗುತ್ತಿದೆ ಎಂದು ತಿಳಿಯದಿದ್ದರೂ ಅವರೂ ಎದ್ದು ಕುರ್ಚಿ ಹಿಡಿದರು. ಮ್ಯಾನೇಜರು ಪೇಟ ತೆಗೆಯಲು ಮರೆತು ಅಟ್ಟಣಿಗೆಯನ್ನು ಮಧ್ಯಕ್ಕೆ ದೂಡಿದರು. ಕಾವಲಿನವನು ಒಂದು ಬೆರಳು ತೋರಿಸಿ, "ಏಕ್ ಗಾನಾ, ಬಸ್, ಏಕ್," ಎಂದ. ಒಂದೇ ಹಾಡು. ನಾನು ಕಷ್ಟಪಟ್ಟು ಕಲಿತ ಅಗೆಯುವ ಕುಣಿತ ಹೋಯಿತು. ಡೋಲಿನ ಹುಡುಗ ಎಷ್ಟು ದಿನ ಅಭ್ಯಾಸ ಮಾಡಿದ್ದನೋ, ಅದೂ ಹೋಯಿತು. ಜಪಾನಿನವರು ತಮ್ಮೊಳಗೆ ಎರಡು ಮಾತಾಡಿದರು. ಆಮೇಲೆ ಎಲ್ಲರೂ ಫುಮಿಕೊ ಅವರ ಕಡೆ ತಿರುಗಿ ಬಾಗಿದರು. ಆ ಒಂದು ಹಾಡನ್ನು ಅವರಿಗೆ ಬಿಟ್ಟುಕೊಟ್ಟಿದ್ದರು.

ಮುಂದೆ ಎರಡು ಹೆಜ್ಜೆ, ಹಿಂದೆ ಒಂದು. ಫುಮಿಕೊ ಮುಂದೆ, ಅವರ ಹಿಂದೆ ನಾನು, ನನ್ನ ಹಿಂದೆ ವನಜ. ಜಪಾನಿನವರು ಇಪ್ಪತ್ತು ಜನ. ಆಮೇಲೆ ಪರದೆ ತೊಟ್ಟ ಏಳು ಹೆಂಗಸರೂ ಒಬ್ಬೊಬ್ಬರಾಗಿ ಸೇರಿಕೊಂಡರು, ಕೊಡೆಗಳನ್ನು ಬದಿಗಿಟ್ಟು. ವೃತ್ತ ತುಂಬಿತು. ಹಾಜಿಯವರು ಕುಣಿಯಲಿಲ್ಲ, ಬಾಗಿಲ ಹತ್ತಿರ ತಲೆ ಬಗ್ಗಿಸಿ ನಿಂತರು. ಗಾಲಿಕುರ್ಚಿಯಲ್ಲಿದ್ದ ಫುಮಿಕೊ ಅವರ ಗಂಡ ಕುಳಿತಲ್ಲೇ ಕೈಗಳನ್ನು ಮೇಲೆತ್ತಿ ನಿಧಾನ ತಿರುಗಿಸಿ ಇಳಿಸುತ್ತಿದ್ದರು. ಹಿಂದಿನಿಂದ ವನಜಳ ಅಳು ಕೇಳಿಸುತ್ತಿತ್ತು. ಅವಳು ಅಳುತ್ತಿದ್ದದ್ದು ನಮ್ಮ ಅಮ್ಮನಿಗಾಗಿ ಎಂದು ನನಗೆ ಗೊತ್ತಿತ್ತು. ನಾನು ಅಳಲಿಲ್ಲ. ಸಿಟ್ಟಿದ್ದವಳಿಗೆ ಅಳು ಬರುವುದಿಲ್ಲ.

ಹಾಡು ಮುಗಿಯಿತು. ಫುಮಿಕೊ ಬಾಗಿಲ ಕಡೆ ತಿರುಗಿದರು. ಕಾವಲಿನವನು ಎಲ್ಲರನ್ನೂ ಹೊರಡಿಸಲೆಂದು ಎರಡೂ ಕದ ತೆರೆದು ಹಿಡಿದಿದ್ದ. ಹೊರಗಿನ ಬಿಸಿಗಾಳಿ ಒಳಗೆ ನುಗ್ಗಿತು. ಅವರು ಸೊಂಟದಿಂದ ಬಾಗಿ ಬಹಳ ಹೊತ್ತು ಹಾಗೇ ನಿಂತರು. ಎಲ್ಲ ಜಪಾನಿನವರೂ ಬಾಗಿದರು. ನಾನೂ ಬಾಗಿದೆ, ಈ ಸಲ ಸೊಂಟ ಸೋಲಲಿಲ್ಲ.

ಆಗ ಸದಾನಂದ ಓಡಿ ಬಂದ. 

ಕೈಯಲ್ಲಿ ವಿಡಿಯೋ ಕ್ಯಾಮೆರಾ. ಅವನ ಮುಖದಲ್ಲಿ ಬೆವರು, ನಿಜವಾದ ಸಂಭ್ರಮ. ಅಷ್ಟು ಒಳ್ಳೆಯ ವೃತ್ತವನ್ನು ಅವನು ಹಿಂದೆ ನೋಡಿರಲಿಲ್ಲ ಎಂದು ಕಾಣುತ್ತದೆ. ಫುಮಿಕೊ ನೆಟ್ಟಗಾಗುವುದನ್ನೇ ಕಾದು, ಕ್ಯಾಮೆರಾ ಹಿಡಿದ ಕೈಗೇ ಇನ್ನೊಂದು ಕೈ ಜೋಡಿಸಿ ಇಂಗ್ಲಿಷಿನಲ್ಲಿ ಬೇಡಿಕೊಂಡ. ಮೇಡಂ, ಬಹಳ ಚೆನ್ನಾಗಿತ್ತು, ಕುರ್ಚಿ ಸರಿಸುವ ಗಡಿಬಿಡಿಯಲ್ಲಿ ರೆಕಾರ್ಡ್ ಆಗಲಿಲ್ಲ, ಕಾವಲಿನವನಿಗೆ ನಾನು ಹೇಳುತ್ತೇನೆ, ಒನ್ಸ್ ಮೋರ್, ಪ್ಲೀಸ್, ಇನ್ನೊಂದೇ ಒಂದು ಸಲ.

ಫುಮಿಕೊ ಅವನನ್ನು ನೋಡಿದರು. ಆ ಹೆಂಗಸಿಗೆ ಸಿಟ್ಟು ಬರುತ್ತದೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ಅವನಿಗೂ ಬಾಗಿದರು.

"ಸಾರಿ, ಸದಾನಂದ-ಸಾನ್," ಎಂದರು. "ಆಗುವುದಿಲ್ಲ. ಅಮ್ಮ ಹೋಗಿ ಆಯಿತು."

ಸದಾನಂದ ತೆರೆದ ಬಾಗಿಲ ಕಡೆ ನೋಡಿದ. ಅವನು ಕ್ಯಾಮೆರಾ ಕೆಳಗಿಳಿಸುವವರೆಗೂ ನಾನು ಅವನನ್ನು ದುರುಗುಟ್ಟಿ ನೋಡುತ್ತ ಅಲ್ಲೇ ನಿಂತಿದ್ದೆ.